ಸೆಕೆಂಡ್ ಹ್ಯಾಂಡ್ ಆನ್‌ಶುಟ್ಜ್ 1907: ಬ್ಯಾರಲ್ ಸವೆದಿದೆ ಎನ್ನುವ ಮುನ್ನ

ಪುಣೆಯ ಬಾಲೇವಾಡಿ ರೇಂಜಿಗೆ ಮಕ್ಕಳನ್ನು ಕಳಿಸುವ ನಮ್ಮ ಕನ್ನಡದ ಮನೆಗಳಲ್ಲಿ, ಹುಡುಗನೋ ಹುಡುಗಿಯೋ 10 ಮೀಟರ್ ಏರ್ ರೈಫಲ್ ದಾಟಿ 50 ಮೀಟರಿಗೆ ಹೋಗುವ ಹಂತಕ್ಕೆ ಬಂದಾಗ ಏಳುವ ಪ್ರಶ್ನೆ ಇದು: ಆನ್‌ಶುಟ್ಜ್ ಕಂಪನಿಯ 1907 ಮಾದರಿಯ ಹಳೆಯ ರೈಫಲ್ ಒಂದು ಸಿಗುತ್ತಿದೆ, ತಗೊಳ್ಳೋದಾ ಬೇಡವಾ? 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು) ಕಂಚು ತಂದ ಸ್ವಪ್ನಿಲ್ ಕುಸಾಳೆ, ಇಬ್ಬರೂ ಬೆಳಗಾವಿಯ ಪಕ್ಕದ ಕೊಲ್ಹಾಪುರದ ಕಡೆಯವರೇ. ಹಾಗಾಗಿ ಈ ಆಸೆ ನಮ್ಮವರಿಗೆ ದೂರದ್ದಲ್ಲ. ದೂರವಿರುವುದು ರೈಫಲ್ಲಿನ ಬೆಲೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ತಗೊಳ್ಳಿ. ಜರ್ಮನಿಯ ಉಲ್ಮ್ ಊರಿನ ಈ ಸಿಂಗಲ್ ಶಾಟ್ ಬೋಲ್ಟ್ ಆಕ್ಷನ್ .22 ರೈಫಲ್ಲಿನ ಜೀವ ಇರುವುದು ಅದರ ‘ಮ್ಯಾಚ್ 54’ ಆಕ್ಷನ್‌ನಲ್ಲಿ, ಅಂದರೆ ಬೋಲ್ಟ್ ಕೂತು ಓಡಾಡುವ ನಡುಭಾಗದಲ್ಲಿ. ಅದು ಇಪ್ಪತ್ತು ಮೂವತ್ತು ವರ್ಷಕ್ಕೆ ಹಳತಾಗುವ ವಸ್ತುವಲ್ಲ. ಗುಂಡು ಬರೀ ಸೀಸದ್ದು, ಮದ್ದು ಚಿಟಿಕೆಯಷ್ಟು. ಹೀಗಾಗಿ ಬ್ಯಾರಲ್ ಸವೆಯುವುದೂ ಬಹಳ ನಿಧಾನ. ‘ಬ್ಯಾರಲ್ ಹೋಗಿದೆ’ ಎಂದು ಅಗ್ಗಕ್ಕೆ ಮಾರುವ ಎಷ್ಟೋ ರೈಫಲ್‌ಗಳಲ್ಲಿ ಹೋಗಿರುವುದು ಬ್ಯಾರಲ್ ಅಲ್ಲ. ಚೇಂಬರಿನ (ತೋಟಾ ಕೂರುವ ಗೂಡಿನ) ಕೊಳೆ, ಸಡಿಲಾದ ಸ್ಕ್ರೂ, ಆ ರೈಫಲ್ಲಿಗೆ ಒಗ್ಗದ ತೋಟಾ, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಇದರ ಉಲ್ಟಾ ಕೂಡ ಇದೆ: ಹೊರಗೆ ಥಳಥಳ ಹೊಳೆಯುತ್ತ, ನಳಿಗೆಯ ಬಾಯಲ್ಲಿ ತುಕ್ಕಿನ ಗುಳಿ ಬಿದ್ದಿರುವ ರೈಫಲ್. ಅದನ್ನು ಪುಕ್ಕಟೆ ಕೊಟ್ಟರೂ ಬೇಡ.

ಅಳೆಯುವ ಕೋಲು ಯಾವುದು ಎಂಬುದು ಮೊದಲು ಸ್ಪಷ್ಟವಾಗಬೇಕು. 50 ಮೀಟರ್ ಟಾರ್ಗೆಟ್ಟಿನ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ., ಗುಂಡಿನದು 5.6 ಮಿ.ಮೀ. ಗುಂಡಿನ ಅಂಚು ಗೆರೆಗೆ ತಾಗಿದರೂ ಹತ್ತೇ ಆದ್ದರಿಂದ ಗುಂಡಿನ ಮಧ್ಯ ಟಾರ್ಗೆಟ್ಟಿನ ಮಧ್ಯದಿಂದ 8 ಮಿ.ಮೀ. ಆಚೀಚೆ ಹೋಗಬಹುದು. ಮಧ್ಯದಿಂದ ಮಧ್ಯಕ್ಕೆ ಅಳೆದರೆ, 16 ಮಿ.ಮೀ. ಅಡ್ಡಳತೆಯ ವೃತ್ತದೊಳಗೆ ಬಿದ್ದದ್ದೆಲ್ಲ ಹತ್ತು. ದಶಾಂಶದಲ್ಲಿ ಲೆಕ್ಕ ಹಾಕುವಾಗ ಪ್ರತಿ 0.8 ಮಿ.ಮೀ.ಗೆ 0.1 ಅಂಕ ಜಾರುತ್ತದೆ. ರೈಫಲ್ ತಾನೇ 16 ಮಿ.ಮೀ. ತಿಂದುಬಿಟ್ಟರೆ ಹಿಡಿದವರ ಕೈ, ಉಸಿರು, ಗಾಳಿ ಇವುಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಮರಳಿನ ಚೀಲದ ಮೇಲಿಟ್ಟು ಹೊಡೆದಾಗ ಹತ್ತು ಗುಂಡಿನ ಗ್ರೂಪ್ (ತೂತುಗಳ ಗುಂಪಿನ ಅಗಲ) 12–13 ಮಿ.ಮೀ. ಒಳಗೆ ಮತ್ತೆ ಮತ್ತೆ ಬರುತ್ತಿದ್ದರೆ ಆ 1907 ಸ್ಪರ್ಧೆಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಬಹಳ ಜನ ದಾರಿ ತಪ್ಪುವುದು ಹೊರದೇಶದ ದುಬಾರಿ ಬೇಟೆ ರೈಫಲ್‌ಗಳ ವಿಮರ್ಶೆ ಓದಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯ ಮಾತು ಮುಗಿದಿದೆ. ಆದರೆ ಆ ವಿಮರ್ಶೆಗಳ ‘ಒಂದು ಮಿನಿಟ್ ಆಫ್ ಆಂಗಲ್’ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಭಾಷೆ ಇಲ್ಲಿಯೂ ಓಡಾಡುತ್ತದೆ. ಬೇಟೆ ರೈಫಲ್ಲಿನ ಬ್ಯಾರಲ್ ತೆಳ್ಳಗೆ. ತಣ್ಣಗಿನ ಬ್ಯಾರಲ್ಲಿನಿಂದ ಹೊರಡುವ ಮೊದಲ ಗುಂಡು ಹೇಳಿದ ಜಾಗಕ್ಕೆ ಹೋಗಬೇಕು, ಅದರ ಯೋಗ್ಯತೆ ಅಷ್ಟರಲ್ಲೇ ತೀರ್ಮಾನ. ಅದಕ್ಕೇ ಅವರು ಮೂರು ಗುಂಡು, ಐದು ಗುಂಡಿನ ಗ್ರೂಪಿನ ಮೇಲೆ ಭರವಸೆ ಕೊಡುತ್ತಾರೆ. ಅದೇ ಒಂದು ಮಿನಿಟ್ 50 ಮೀಟರಿಗೆ 14.5 ಮಿ.ಮೀ. ಆಗುತ್ತದೆ, ಮತ್ತು ನಮ್ಮ ರೈಫಲ್ ಅದನ್ನು ಪ್ರಾಕ್ಟೀಸ್ ಗುಂಡುಗಳ ನಂತರ 60 ಗುಂಡಿನ ಪಂದ್ಯದುದ್ದಕ್ಕೂ ಮೀರಕೂಡದು. ಗುಂಡಿನ ಸಂಖ್ಯೆ ಹೆಚ್ಚಿದಂತೆ ಗ್ರೂಪ್ ಅಗಲವಾಗುವುದು ಸಹಜ. ಮಾರುವವರು ಐದು ಗುಂಡು ಒಂದೇ ತೂತಾಗಿರುವ ಕಾರ್ಡ್ ತೋರಿಸಿದರೆ ಅದರಿಂದ ತಿಳಿಯುವುದು ತೀರಾ ಕಡಿಮೆ. ಹತ್ತು ಹತ್ತರಂತೆ ನಾಲ್ಕು ಗ್ರೂಪ್ ಎದುರಿಗೇ ಹೊಡೆಸಿ. ‘ಇದೊಂದು ನನ್ನ ಕೈ ಅಲ್ಲಾಡಿತು’ ಎಂದು ಯಾವ ಗುಂಡನ್ನೂ ಲೆಕ್ಕದಿಂದ ಬಿಡಬೇಡಿ.

ಇನ್ನು ರೈಫಲ್ ಕೈಗೆತ್ತಿಕೊಳ್ಳಿ. ಬೋಲ್ಟ್ ತೆರೆದು ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲಿ ನೋಡಿ, ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ.

ಬ್ಯಾರಲ್ ಮೇಲೆ ಜಿಂಕೆ ಕೊಂಬಿನ ಪುಟ್ಟ ಮುದ್ರೆ ಕಾಣುತ್ತದೆ, ಅದು ಉಲ್ಮ್ ಪ್ರೂಫ್ ಹೌಸಿನದು, ಅಂದರೆ ಬಂದೂಕು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯದು. ಹತ್ತಿರದಲ್ಲೇ ಎರಡು ಅಕ್ಷರ ಇರುತ್ತವೆ. ಎ ಅಂದರೆ 0, ಬಿ ಅಂದರೆ 1, ಹೀಗೆ ಐ ಅಂದರೆ 8. ಜೆ ಬಿಟ್ಟು ಕೆ ಅಂದರೆ 9. ‘ಐಎ’ ಎಂದಿದ್ದರೆ ಪರೀಕ್ಷೆಯಾದದ್ದು 1980ರಲ್ಲಿ. ‘ಹತ್ತೇ ವರ್ಷದ ರೈಫಲ್’ ಎನ್ನುವ ಮಾತಿಗೆ ಅಲ್ಲಿಯೇ ಉತ್ತರ ಸಿಗುತ್ತದೆ. 1907 ಮಾದರಿಯ ಬ್ಯಾರಲ್ ಉದ್ದ 66 ಸೆಂ.ಮೀ., ಅದೇ ಕಂಪನಿಯ 1913 ಮಾದರಿಯದು 69. ಆಕ್ಷನ್ ಎರಡಕ್ಕೂ ಒಂದೇ, ಆದ್ದರಿಂದ ಮಾದರಿಯ ಹೆಸರಿಗೆ ಹೆಚ್ಚು ಹಣ ಸುರಿಯಬೇಕಿಲ್ಲ.

ನಳಿಗೆಯ ಬಾಯಿ, ಅಂದರೆ ಕ್ರೌನ್, ಗುಂಡು ಕೊನೆಯದಾಗಿ ಮುಟ್ಟುವ ಜಾಗ. ಕಿವಿಗೆ ಹಾಕುವ ಹತ್ತಿ ಕಡ್ಡಿಯೊಂದನ್ನು ಒಳಗಿಟ್ಟು, ಅಂಚನ್ನು ಒತ್ತಿಕೊಂಡು ಸುತ್ತ ತಿರುಗಿಸುತ್ತ ನಿಧಾನವಾಗಿ ಹೊರಗೆಳೆಯಿರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಹತ್ತಿಪ್ಪತ್ತು ಗುಂಡು ಹೊಡೆದ ಮೇಲೆ ಕ್ರೌನ್ ಮುಖದಲ್ಲಿ ಮೇಣ ಮತ್ತು ಮಸಿಯ ಗೆರೆಗಳು ನಕ್ಷತ್ರದಂತೆ ಮೂಡುತ್ತವೆ. ಎಲ್ಲ ಕಡೆ ಸಮನಾಗಿದ್ದರೆ ಒಳ್ಳೆಯದು. ಒಂದೇ ಕಡೆಗೆ ಚೆಲ್ಲಿದ್ದರೆ ಅಲ್ಲಿಂದ ಮದ್ದಿನ ಅನಿಲ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ತಳ್ಳುತ್ತಿದೆ ಎಂದರ್ಥ. ಮುಳ್ಳನ್ನು ಒಳ್ಳೆಯ ಗನ್‌ಸ್ಮಿತ್ ಸರಿಮಾಡಬಲ್ಲರು. ಗುಳಿ ಬಿದ್ದ ತುಕ್ಕನ್ನು ಹೋಗಲಾಡಿಸಬೇಕಾದರೆ ಬ್ಯಾರಲ್ಲನ್ನೇ ಕೊಯ್ಯಬೇಕು. ಮುಂಬೈ, ಗೋವಾ ಕಡೆಯಿಂದ ಬಂದ ರೈಫಲ್ಲಿನಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಿ. ಉಪ್ಪುಗಾಳಿಗಿಂತಲೂ ಹೆಚ್ಚು ಹಾಳುಮಾಡುವುದು ಫೋಮ್ ಹಾಕಿದ ಪೆಟ್ಟಿಗೆ. ಮಳೆಗಾಲದಲ್ಲಿ ಫೋಮ್ ನೀರು ಹೀರಿಕೊಂಡು ಲೋಹಕ್ಕೆ ಅಂಟಿ ಕೂರುತ್ತದೆ, ಅದು ಮುಟ್ಟಿದ ಕಡೆಯೆಲ್ಲ ಕಂದು ಚುಕ್ಕೆ ಏಳುತ್ತದೆ.

ಇನ್ನು ಚೇಂಬರ್. ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೆ. ಖಾಲಿ ಕೇಸಿನ ಬಾಯಿ ಮುಗಿಯುವ ಜಾಗದ ಸ್ವಲ್ಪ ಮುಂದೆ ಮದ್ದಿನ ಮಸಿ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿರುವ ಗಾಜಿನ ಪುಡಿ, ಮೇಣ ಎಲ್ಲ ಸುಟ್ಟು ಸೇರಿ, ದೋಸೆ ಕಾವಲಿಯ ಅಂಚಿಗೆ ಕಟ್ಟುವ ಕರಿಯ ಹಾಗೆ ಗಟ್ಟಿ ಉಂಗುರ ಕಟ್ಟುತ್ತದೆ. ಮ್ಯಾಚ್ ಚೇಂಬರ್ ಬಿಗಿ. ತೋಟಾ ಒಳಗೆ ಹೋಗುವಾಗಲೇ ಗುಂಡು ಬ್ಯಾರಲ್ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಅಲ್ಲಿ ಈ ಉಂಗುರ ಬೆಳೆದರೆ ಗುಂಡಿನ ಮೈ ಸವರಿಹೋಗುತ್ತದೆ, ಅಲ್ಲೊಂದು ಇಲ್ಲೊಂದು ಗುಂಡು ಕಾರಣವಿಲ್ಲದೆ ಒಂಬತ್ತಕ್ಕೆ ಹಾರುತ್ತದೆ. ಬೋಲ್ಟ್ ಮುಚ್ಚಲು ಒತ್ತಾಯ ಬೇಕಾಗುವುದು, ಖಾಲಿ ಕೇಸ್ ಬಿಗಿಯಾಗಿ ಹೊರಬರುವುದು ಇದರ ಲಕ್ಷಣ. ಬರೀ ಪ್ಯಾಚ್ (ಒರೆಸುವ ಬಟ್ಟೆ ಚೂರು) ಎಳೆದರೆ ಇದು ಹೋಗುವುದಿಲ್ಲ. ಕಾರ್ಬನ್ ಕರಗಿಸುವ ದ್ರಾವಣವನ್ನು ಅಲ್ಲಿಗೆ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಬೋರ್ ಗೈಡ್ (ರಾಡನ್ನು ನೇರ ಹಿಡಿಯುವ ಕೊಳವೆ) ಹಾಕಿ, ಕೋಟಿಂಗ್ ಇರುವ ಒಂದೇ ತುಂಡಿನ ರಾಡ್‌ನಿಂದ ಕಂಚಿನ ಬ್ರಷ್ಷನ್ನು ಚೇಂಬರಿನ ಕಡೆಯಿಂದ ತೂರಿಸಬೇಕು. ಬಾಯಿಯ ಕಡೆಯಿಂದ ರಾಡ್ ತೂರಿಸುವವರ ರೈಫಲ್ಲಿನ ಕ್ರೌನ್ ಒಂದೇ ಬದಿ ಸವೆದಿರುತ್ತದೆ. ಬಿಳಿ ಪ್ಯಾಚ್ ಬಿಳಿಯಾಗಿಯೇ ಹೊರಬರುವವರೆಗೆ ಮಾಡಿ, ಆಮೇಲೆ ನಳಿಗೆಯೊಳಗೆ ಇಣುಕುವ ಬೋರ್‌ಸ್ಕೋಪ್ ಹಾಕಿ ನೋಡಿ.

ಸ್ವಚ್ಛ ಮಾಡಿದ ಮೇಲೂ ಚೇಂಬರಿನ ಮುಂದೆ, ಕೆಳಭಾಗದಲ್ಲಿ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಲೋಹ ಒರಟಾಗಿ ಮರಳು ಕಾಗದದಂತೆ ಕಂಡರೆ ಅದು ನಿಜವಾದ ಸವೆತ. ಪ್ರೈಮರಿನ ಗಾಜು ಉಜ್ಜುವುದು ಅಲ್ಲೇ. ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಗ್ರೂಪ್ ಏನು ಹೇಳುತ್ತದೋ ಅದೇ ಸರಿ. ಬಿಗಿಯಾದ ಒಂದು ಪ್ಯಾಚ್ ತಳ್ಳುವಾಗ ಕೈಗೆ ಸಿಗುವ ಬಿಗಿ ಉದ್ದಕ್ಕೂ ಸಮನಾಗಿದ್ದು, ಬಾಯಿಯ ಹತ್ತಿರ ಕೊಂಚ ಹೆಚ್ಚಾದರೆ ಒಳ್ಳೆಯ ಬ್ಯಾರಲ್. ನಡುವೆ ಸಡಿಲಾಗಿ, ಕೊನೆಯಲ್ಲಿ ಇನ್ನೂ ಸಡಿಲಾದರೆ ಬಿಟ್ಟುಬಿಡಿ.

ಚೇಂಬರಿನ ಹಿಂದಿನ ಅಂಚಿನಲ್ಲಿ ಫೈರಿಂಗ್ ಪಿನ್ ಬಡಿದ ಗುಳಿಯೇನಾದರೂ ಇದೆಯೇ ಎಂದು ಮಸೂರದಲ್ಲಿ ನೋಡುವುದನ್ನು ಮರೆಯಬೇಡಿ. ಖಾಲಿ ಚೇಂಬರ್ ಮೇಲೆ ಟ್ರಿಗರ್ ಎಳೆದು ಅಭ್ಯಾಸ ಮಾಡಿದ ರೈಫಲ್ಲಿನ ಗುರುತು ಅದು.

ಈಗ ಸ್ಟಾಕ್, ಅಂದರೆ ಆಕ್ಷನ್ ಕೂರುವ, ಭುಜಕ್ಕೆ ಆನಿಸುವ ಹಿಡಿ. ವಾಲ್‌ನಟ್ ಮರದ ಸ್ಟಾಕ್ ನೋಡಲು ಚಂದ. ಆದರೆ ಪುಣೆಯ ಏಪ್ರಿಲ್ ಬಿಸಿಲಿಗೂ ಜುಲೈ ಮಳೆಗೂ ಅದು ಒಂದೇ ಅಳತೆಯಲ್ಲಿ ಇರುವುದಿಲ್ಲ. ಎರಡು ಆಕ್ಷನ್ ಸ್ಕ್ರೂಗಳನ್ನು ಟಾರ್ಕ್ ಕೀಲಿಯಿಂದಲೇ ಬಿಗಿಸಬೇಕು, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ. ಆ ರೈಫಲ್ಲಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಬ್ಯಾರಲ್ ಮತ್ತು ಸ್ಟಾಕಿನ ನಡುವೆ ಒಂದು ನೋಟು ತೂರಿಸಿ ಆಕ್ಷನ್‌ವರೆಗೆ ಜಾರಿಸಿ. ಎಲ್ಲೂ ತಡೆಯಬಾರದು. ಬಳಿಕ ಬೆರಳನ್ನು ಸ್ಟಾಕ್ ತುದಿ ಮತ್ತು ಬ್ಯಾರಲ್ ಎರಡಕ್ಕೂ ತಾಗುವಂತಿಟ್ಟುಕೊಂಡು ಮುಂದಿನ ಸ್ಕ್ರೂ ಸಡಿಲಿಸಿ. ಬ್ಯಾರಲ್ ಮೇಲೆದ್ದದ್ದು ಬೆರಳಿಗೆ ತಿಳಿದರೆ ಆಕ್ಷನ್ ಬಾಗಿ ಕೂತಿದೆ. ಡಯಲ್ ಗೇಜ್ ಇದ್ದರೆ 0.05 ಮಿ.ಮೀ. ಮೀರಬಾರದು. ಇದು ಬೆಡ್ಡಿಂಗ್‌ನ (ಸ್ಟಾಕಿನಲ್ಲಿ ಆಕ್ಷನ್ ಕೂರುವ ತಳದ) ತೊಂದರೆ, ರೆಸಿನ್ ಹಾಕಿ ಸರಿಮಾಡಿಸಬಹುದು. ಚೌಕಾಶಿಗೆ ಕಾರಣವಾಗಲಿ, ರೈಫಲ್ ಬಿಡಲು ಅಲ್ಲ.

ಟ್ರಿಗರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇದರಲ್ಲಿ ಬರುವ 5018 ಮಾದರಿಯ ಟ್ರಿಗರ್ ಎರಡು ಹಂತದ್ದು, ಚೆನ್ನಾಗಿಯೇ ಇರುತ್ತದೆ. ಖಾಲಿ ರೈಫಲ್ಲಿನ ಬೋಲ್ಟನ್ನು ಹತ್ತಾರು ಸಲ ಜೋರಾಗಿ ಮುಚ್ಚಿ, ಬುಡವನ್ನು ರಬ್ಬರ್ ಚಾಪೆಗೆ ತಟ್ಟಿ. ಪಿನ್ ತಾನಾಗಿ ಬಿದ್ದರೆ ಗುಂಡು ಹಾಕುವ ಮಾತೇ ಬೇಡ, ಮೊದಲು ಗನ್‌ಸ್ಮಿತ್ ಬಳಿಗೆ. ಟ್ರಿಗರಿಗೆ ಎಣ್ಣೆ ಬಿಡುವ ಅಭ್ಯಾಸವಂತೂ ಕೂಡದು, ಧೂಳು ಸೇರಿ ಅಂಟಾಗುತ್ತದೆ.

ಗ್ರೂಪ್ ಹೊಡೆಸುವ ದಿನ ಡಯಾಪ್ಟರ್ (ಸಣ್ಣ ತೂತಿನ ಹಿಂದಿನ ಗುರಿನೋಟ) ತೆಗೆದು, ಆಕ್ಷನ್ ಮೇಲಿನ 11 ಮಿ.ಮೀ. ರೈಲಿಗೆ 24 ಪಟ್ಟಿನಂಥ ಸ್ಕೋಪ್ ಕೂಡಿಸಿ, ಪ್ಯಾರಲ್ಯಾಕ್ಸನ್ನು (ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುವ ದೋಷವನ್ನು) 50 ಮೀಟರಿಗೆ ಹೊಂದಿಸಿ. ಆಗ ಕಣ್ಣಿನ ದೋಷ ರೈಫಲ್ ಮೇಲೆ ಬರುವುದಿಲ್ಲ. ಮರಳಿನ ಚೀಲ ಸ್ಟಾಕಿನ ಕೆಳಗಿರಲಿ, ಬ್ಯಾರಲ್ ಮುಟ್ಟಕೂಡದು. ಬೋರ್‌ನ ಎಣ್ಣೆ ಒರೆಸಿ, ಹತ್ತಿಪ್ಪತ್ತು ಗುಂಡು ಸುಮ್ಮನೆ ಹೊಡೆದು, ಆಮೇಲೆ ಲೆಕ್ಕ ಶುರುಮಾಡಿ. ಅಳೆಯುವಾಗ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಒಂದು ಒಂಟಿ ತೂತಿನ ವ್ಯಾಸವನ್ನು ಕಳೆಯಿರಿ. ಕಾರ್ಡ್ ಸ್ವಲ್ಪ ಮುಚ್ಚಿಕೊಳ್ಳುವುದರಿಂದ ತೂತು 5.6ಕ್ಕಿಂತ ಚಿಕ್ಕದಾಗಿಯೇ ಇರುತ್ತದೆ.

ಗ್ರೂಪಿನ ಆಕಾರ ಅದರ ಅಳತೆಗಿಂತ ಹೆಚ್ಚು ಹೇಳುತ್ತದೆ. ಅಡ್ಡಕ್ಕೆ ಹರಡಿದ್ದರೆ ಮೊದಲು ಗಾಳಿಯನ್ನು ಅನುಮಾನಿಸಿ: ಸೆಕೆಂಡಿಗೆ ಒಂದೇ ಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ ಗುಂಡನ್ನು ಸುಮಾರು 6–7 ಮಿ.ಮೀ. ಸರಿಸಬಲ್ಲದು. ಅದಕ್ಕೇ ಪರೀಕ್ಷೆ ಬೆಳಗಿನ ಮೊದಲ ಹೊತ್ತಿಗೇ ಮುಗಿಯಬೇಕು. ಮೇಲೆ ಕೆಳಗೆ ಹರಡಿದ್ದರೆ ಗಾಳಿಯನ್ನು ದೂರುವಂತಿಲ್ಲ. ಗುಂಡಿನ ವೇಗ ಶೇಕಡಾ ಒಂದರಷ್ಟು, ಅಂದರೆ ಸೆಕೆಂಡಿಗೆ 3 ಮೀಟರಿನಷ್ಟು ಬದಲಾದರೆ ಎತ್ತರದಲ್ಲಿ ಸುಮಾರು 2.5 ಮಿ.ಮೀ. ವ್ಯತ್ಯಾಸ. 10 ಮೀಟರ್ ಬದಲಾದರೆ ನಮ್ಮ 16 ಮಿ.ಮೀ.ನಲ್ಲಿ ಅರ್ಧ ಹೋಯಿತು. ಇದಕ್ಕೆ ಕಾರಣ ಒಂದೋ ತೋಟಾ, ಇಲ್ಲವೇ ಪಿನ್ನಿನ ಪೆಟ್ಟು. ಹತ್ತು ಖಾಲಿ ಕೇಸ್ ಸಾಲಾಗಿ ನಿಲ್ಲಿಸಿ ಅಂಚಿನ ಮೇಲಿನ ಪೆಟ್ಟಿನ ಗುರುತು ನೋಡಿ. ಆಳ ಒಂದೇ ಸಮ ಇರದಿದ್ದರೆ ಬೋಲ್ಟ್ ಬಿಚ್ಚಿಸಿ, ಒಳಗಿನ ಹಳೆಯ ಜಿಡ್ಡು ತೆಗೆಸಿ, ಸ್ಪ್ರಿಂಗ್ ಬದಲಿಸಿ. ಸಣ್ಣ ಖರ್ಚು. ಸತ್ತಿತು ಎನ್ನಿಸಿಕೊಂಡ ರೈಫಲ್ ಇಷ್ಟರಿಂದಲೇ ಎದ್ದು ಕೂರುವುದುಂಟು.

ತೋಟಾ ಆಯ್ಕೆಯಲ್ಲಿ ಬ್ರ್ಯಾಂಡ್‌ಗಿಂತ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಕಂತಿನ ಸಂಖ್ಯೆ) ಮುಖ್ಯ. ಎಲೀ ಟೆನೆಕ್ಸ್, ಆರ್‌ಡಬ್ಲ್ಯುಎಸ್ ಆರ್50, ಲಾಪುವಾ ಇವುಗಳಲ್ಲಿ ಯಾವುದೇ ಇರಲಿ, ಒಂದು ಲಾಟ್ ಈ ರೈಫಲ್ಲಿಗೆ ಒಗ್ಗಿ ಇನ್ನೊಂದು ಒಗ್ಗದೆ ಹೋಗುತ್ತದೆ. ಕನಿಷ್ಠ ಮೂರು ಲಾಟ್ ಹೊಡೆದು ನೋಡದೆ ಬ್ಯಾರಲ್ ಮೇಲೆ ತೀರ್ಪು ಕೊಡುವುದು ಅನ್ಯಾಯ. ಬ್ರ್ಯಾಂಡ್ ಬದಲಿಸಿದಾಗ ಹಳೆಯ ಮೇಣ ಹೋಗಿ ಹೊಸದು ಕೂರಲು ಮತ್ತೆ ಹತ್ತಿಪ್ಪತ್ತು ಗುಂಡು ಬಿಡಬೇಕು. ಹೈ ವೆಲಾಸಿಟಿ ತೋಟಾ ಬೇಡವೇ ಬೇಡ. ಮ್ಯಾಚ್ ತೋಟಾ ಸೆಕೆಂಡಿಗೆ 330 ಮೀಟರ್ ಒಳಗೇ ಹೊರಟು ಶಬ್ದದ ವೇಗಕ್ಕಿಂತ ಕೆಳಗಿರುತ್ತದೆ, ಹೈ ವೆಲಾಸಿಟಿ ಗುಂಡು ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುವಾಗ ನಡುಗುತ್ತದೆ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ತೋಟಾ ಕೂಡ ಪರೀಕ್ಷೆಗೆ ಬೇಡ, ಮೇಣ ಕರಗಿ ಒಂದೇ ಕಡೆ ಸೇರಿರುತ್ತದೆ.

ಡಯಾಪ್ಟರ್ ವಾಪಸ್ ಕೂಡಿಸಿದ ಮೇಲೆ 20 ಕ್ಲಿಕ್ ಬಲ, 20 ಮೇಲೆ, 20 ಎಡ, 20 ಕೆಳಗೆ ತಿರುಗಿಸಿ. ಗುಂಡು ಹೊರಟ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಒಳಗಿನ ಸ್ಕ್ರೂ ಸವೆದಿದೆ, ಡಯಾಪ್ಟರಿನ ಬೆಲೆಯನ್ನು ಒಟ್ಟು ಮೊತ್ತದಿಂದ ಕಳೆದು ಮಾತಾಡಿ.

.22 ರೈಫಲ್ ಏರ್ ರೈಫಲ್ ಅಲ್ಲ, 1959ರ ಆಯುಧ ಕಾಯ್ದೆಯ ಲೈಸೆನ್ಸ್ ಬೇಕು. ಲೈಸೆನ್ಸ್ ಕೈಗೆ ಬರುವ ಮೊದಲು ಮುಂಗಡ ಕೊಡಬೇಡಿ. ಕೊಡುವವರ ಕಾಗದದಲ್ಲಿರುವ ನಂಬರ್ ಬ್ಯಾರಲ್ ಮೇಲಿನದಕ್ಕೆ ಅಂಕಿ ಅಂಕಿಯೂ ಹೊಂದಬೇಕು.

ಆನ್‌ಶುಟ್ಜ್‌ನದೇ 1903 ಮಾದರಿ ಕಡಿಮೆಗೆ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ‘ಮ್ಯಾಚ್ 64’ ಎಂಬ ಬೇರೆ ಆಕ್ಷನ್ನಿನದು, ಗುರಿಯಲ್ಲಿ ಕೆಟ್ಟದ್ದೇನೂ ಅಲ್ಲ. ಮೈಕಟ್ಟು ಸಣ್ಣದಿರುವ, ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ, ಅದರಲ್ಲೂ ನಿಂತು ಹೊಡೆಯುವುದು ಕಷ್ಟವಾಗುತ್ತಿರುವವರಿಗೆ, ಸುಸ್ಥಿತಿಯ 1903 ಕೊಂಡು ಉಳಿದ ಹಣವನ್ನು ಒಳ್ಳೆಯ ಲಾಟಿನ ತೋಟಾಕ್ಕೆ ಹಾಕುವುದೇ ಮೇಲು. ಮೈ ಬಲಿತು, ಮೂರೂ ಪೊಸಿಷನ್ನಿನಲ್ಲಿ ಸ್ಥಿರವಾಗಿ 600ಕ್ಕೆ 560 ದಾಟುತ್ತಿರುವವರಿಗೆ 1907.