ತಪಸ್ಸುಕಾಲದಲ್ಲಿ ದೇವರಿಗೆ ಕಿವಿಗೊಡಲು ಯಾವ ದಾರಿ? ಮೂರು ಪದ್ಧತಿಗಳ ಹೋಲಿಕೆ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳೇ ತಪಸ್ಸುಕಾಲ. ಅದರ ಎರಡನೆಯ ಭಾನುವಾರ ಕಥೋಲಿಕ ಚರ್ಚುಗಳಲ್ಲಿ ಪ್ರತಿವರ್ಷವೂ ಯೇಸುವಿನ ರೂಪಾಂತರದ, ಅಂದರೆ ಬೆಟ್ಟದ ಮೇಲೆ ಶಿಷ್ಯರ ಕಣ್ಣೆದುರು ಆತ ಬೆಳಕಾಗಿ ಹೊಳೆದ, ಶುಭಸಂದೇಶವನ್ನೇ ಓದುತ್ತಾರೆ. ಮೋಡದೊಳಗಿಂದ ಬರುವ ಅಪ್ಪಣೆ ಒಂದೇ: ಈತನ ಮಾತಿಗೆ ಕಿವಿಗೊಡಿ. ಶಿಷ್ಯ ಪೇತ್ರ ಮಾತ್ರ ಆ ಹೊತ್ತಿನಲ್ಲೂ ಮೂರು ಗುಡಾರ ಕಟ್ಟುವ ಮಾತಾಡುತ್ತಿದ್ದ. ನಮ್ಮ ಪ್ರಾರ್ಥನೆಯ ತೊಂದರೆಯೂ ಅದೇ, ಬೇಡಿಕೆಯ ಪಟ್ಟಿ ಓದಿ ಆಮೆನ್ ಅಂದು ಎದ್ದುಬಿಡುತ್ತೇವೆ. ಹಾಗಾಗಿ ಬಳಸಿ ನೋಡಿದ ಮೂರು ಪದ್ಧತಿಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ಅಳೆದಿದ್ದೇವೆ: ಯಾವುದು ನಮ್ಮ ಬಾಯಿ ಕಟ್ಟಿ ದೇವರ ಮಾತು ಕೇಳಿಸುತ್ತದೆ?

ಮೊದಲನೆಯದು ಲೆಕ್ಸಿಯೊ ದಿವೀನಾ, ಅಂದರೆ ಬೈಬಲ್ ವಚನವನ್ನು ಪ್ರಾರ್ಥನೆಯಾಗಿ ನಿಧಾನವಾಗಿ ಓದುವುದು. ಓದು, ಮನನ, ಪ್ರಾರ್ಥನೆ, ಮೌನಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ಕ್ರಮವಾಗಿ ಬರೆದಿಟ್ಟವನು 12ನೇ ಶತಮಾನದ ಕಾರ್ಥೂಸಿಯನ್ ಎಂಬ ಸನ್ಯಾಸಿ ಸಭೆಯ ಎರಡನೆಯ ಗೀಗೊ. 20 ನಿಮಿಷ ಸಾಕು. ಐದರಿಂದ ಎಂಟು ವಚನ ಮಾತ್ರ ಆರಿಸಿ, ಗಟ್ಟಿಯಾಗಿ ಮೂರು ಸಲ ಓದಿ. ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ಶೋಧಿಸುವ ಭಾಗವನ್ನೇ ತೆಗೆದುಕೊಳ್ಳಿ. ಮೊದಲ ಓದಿಗೆ ಸೈತಾನನ ಮೇಲೆ ಕಣ್ಣು ಹೋಗುತ್ತದೆ. ಮೂರನೆಯದಕ್ಕೆ, ನಲವತ್ತು ದಿನದ ಉಪವಾಸದ ನಂತರ ಆತನಿಗೆ ಹಸಿವಾಯಿತು ಎಂಬಲ್ಲಿ ನಾಲಿಗೆ ತಡೆಯಬಹುದು. ಅಲ್ಲೇ ನಿಲ್ಲಿ, ಮುಂದಿನ ವಚನಕ್ಕೆ ಅವಸರ ಬೇಡ. ಹಸಿವಾಯಿತು, ಹಸಿವಾಯಿತು ಎಂದು ಮೆಲುಕು ಹಾಕುತ್ತಿದ್ದರೆ ನಮ್ಮ ಹಸಿವು ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೆಡುವುದು ಎರಡು ಕಡೆ. ಇಡೀ ಅಧ್ಯಾಯ ಓದಿದರೆ ಅದು ಬೈಬಲ್ ಅಧ್ಯಯನವಾಗುತ್ತದೆ. 'ಈ ಮಾತು ನಮ್ಮ ಭಾವನಿಗೆ ಹೇಳಿ ಮಾಡಿಸಿದಂತಿದೆ' ಅನ್ನಿಸಿತೋ, ಆಗಲೇ ಪ್ರಬೋಧನೆ ಶುರುವಾಗಿದೆ, ಕೇಳುವುದು ನಿಂತಿದೆ.

ಎರಡನೆಯದು ಯೇಸುಸಭೆಯ ಸ್ಥಾಪಕ ಸಂತ ಇಗ್ನಾಸಿಯವರ ಕಲ್ಪನಾಧ್ಯಾನ, ಅಂದರೆ ಬೈಬಲಿನ ದೃಶ್ಯದೊಳಗೆ ನಾವೇ ಇದ್ದೇವೆಂದು ಕಲ್ಪಿಸಿಕೊಳ್ಳುವುದು. 1548ರಲ್ಲಿ ಅಚ್ಚಾದ ಅವರ 'ಆಧ್ಯಾತ್ಮಿಕ ಸಾಧನೆಗಳು' ಇದರ ಮೂಲ. ಇದಕ್ಕೆ ಕಥನಭಾಗವೇ ಬೇಕು. ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯದಲ್ಲಿ, ನೀರಿಗೆ ಬಂದ ಸಮಾರ್ಯದ ಹೆಂಗಸಿನೊಡನೆ ಯೇಸು ಬಾವಿಯ ಬಳಿ ಮಾತಾಡುವ ಪ್ರಸಂಗ ಲೆಕ್ಸಿಯೊಗೆ ತೀರಾ ಉದ್ದ, ಇಲ್ಲಿಗೆ ಹೇಳಿ ಮಾಡಿಸಿದ್ದು. ಎರಡು ಸಲ ಓದಿ ಪುಸ್ತಕ ಮುಚ್ಚಿ, ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಮಧ್ಯಾಹ್ನದ ಬಿಸಿಲು, ಯಕೋಬನ ಬಾವಿ, ಹಗ್ಗದ ಸದ್ದು. ನೀವು ಎಲ್ಲಿ ನಿಂತಿದ್ದೀರಿ? ಕೊನೆಗೆ ಆಕೆ ಬಿಟ್ಟುಹೋದ ಕೊಡ ಯಾರ ಕಾಲಬಳಿ ಇದೆ? ಆಮೇಲೆ ಗೆಳೆಯನೊಡನೆ ಮಾತಾಡುವಂತೆ ಪ್ರಭುವಿನೊಡನೆ ಮಾತು. ಒಟ್ಟು 40 ನಿಮಿಷ ಇಟ್ಟುಕೊಳ್ಳಿ.

ಮೂರರಲ್ಲಿ ಅತಿ ಜೋರಾಗಿ ಕೇಳಿಸುವುದು ಇದೇ, ಮೋಸ ಹೋಗುವುದೂ ಇಲ್ಲೇ ಹೆಚ್ಚು. ಯೇಸುವಿನ ಸಂಭಾಷಣೆಯನ್ನು ನಾವೇ ಬರೆಯತೊಡಗುತ್ತೇವೆ, ಆತ ನಮಗೆ ಬೇಕಾದ್ದನ್ನೇ ಹೇಳುತ್ತಾನೆ. ಇದಕ್ಕೆ ಮದ್ದು ಇಗ್ನಾಸಿಯವರಲ್ಲೇ ಇದೆ. ಧ್ಯಾನ ಮುಗಿದ ಮೇಲೆ ಕಾಲು ಗಂಟೆ ಕೂತೋ ನಡೆದಾಡುತ್ತಲೋ ಅದನ್ನು ಮರುಪರಿಶೀಲಿಸಬೇಕು: ಎಲ್ಲಿ ಶಾಂತಿ ಮೂಡಿತು, ಎಲ್ಲಿ ಕಿರಿಕಿರಿಯಾಯಿತು? ಬಹುಪಾಲು ಜನ ಬಿಟ್ಟುಬಿಡುವ ಭಾಗವೇ ಇದು. ಮನಸ್ಸು ಒಣಗಿ ಕತ್ತಲಾದ ಹೊತ್ತಿನಲ್ಲಿ, ಮೊದಲೇ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬ ಅವರ ನಿಯಮವನ್ನೂ ನೆನಪಿಡಿ. ತಪಸ್ಸುಕಾಲದ ನಾಲ್ಕನೇ ವಾರದ ಸುಸ್ತಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ರಾತ್ರಿಯ ಆತ್ಮಾವಲೋಕನ, ಎಕ್ಸಾಮೆನ್. ಇದೂ ಇಗ್ನಾಸಿಯವರದೇ, ಐದು ಹೆಜ್ಜೆ, 12 ನಿಮಿಷ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮಾಯಾಚನೆ, ನಾಳೆಯ ಸಂಕಲ್ಪ. ಮೊದಲ ಹೆಜ್ಜೆ ಹಾರಿಸಿದರೆ ಇದು ಪಾಪಗಳ ಲೆಕ್ಕಪುಸ್ತಕವಾಗಿ ಒಂದು ವಾರದಲ್ಲಿ ಬೇಸರ ಹುಟ್ಟಿಸುತ್ತದೆ. ಹಾಗಾಗಿ ಮೂರು ನಿಮಿಷ ಕೃತಜ್ಞತೆಗೇ ಮೀಸಲಿಡಿ. ಹಾಸಿಗೆಯಲ್ಲಿ ಮಲಗಿ ಮಾಡಬೇಡಿ, ಎರಡನೇ ಹೆಜ್ಜೆಗೇ ಗೊರಕೆ.

ನಮ್ಮ ಆಯ್ಕೆ ಲೆಕ್ಸಿಯೊ. ಎದುರಿಗಿರುವ ವಚನ ನಮ್ಮದಲ್ಲ, ಅದನ್ನು ತಿದ್ದಲಾಗದು, ಬಾಯಿ ಕಟ್ಟುವುದು ಅದಕ್ಕೇ. ಬೆಳಗ್ಗೆ ಸಮಯವೇ ಸಿಗದವರು ಎಕ್ಸಾಮೆನ್ ಹಿಡಿಯಲಿ. ಕಲ್ಪನಾಧ್ಯಾನ ಭಾನುವಾರಕ್ಕಿರಲಿ, ಜೊತೆಗೆ ಮಾರ್ಗದರ್ಶಕ ಗುರುಗಳೋ ಸಿಸ್ಟರೋ ಇದ್ದರೆ ಒಳಿತು.

ಯೇಸುವಿನ ಶಿಲುಬೆಯ ಪಯಣವನ್ನು ಸ್ಥಳದಿಂದ ಸ್ಥಳಕ್ಕೆ ನಿಂತು ನೆನೆಯುವ ಶುಕ್ರವಾರದ ಶಿಲುಬೆಹಾದಿಯನ್ನು ಸ್ಪರ್ಧೆಗೆ ಸೇರಿಸಲಿಲ್ಲ, ಅಲ್ಲಿ ನಾವೇ ಹೆಚ್ಚು ಮಾತಾಡುತ್ತೇವೆ. ಆದರೂ 14 ಸ್ಥಳಗಳಲ್ಲಿ ತಲಾ ಒಂದು ನಿಮಿಷ ಮೌನ ಇಟ್ಟರೆ ಹೆಚ್ಚಾಗುವುದು 14 ನಿಮಿಷ ಅಷ್ಟೇ. ಗಾಯನವೃಂದಕ್ಕೆ ಮಾತ್ರ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮೌನ ಕಂಡ ತಕ್ಷಣ ಯಾರೋ ಮರೆತರು ಅಂದುಕೊಂಡು ಹಾಡು ಎತ್ತಿಬಿಡುತ್ತಾರೆ.