200 ಲ್ಯೂಮೆನ್ಸ್ ಬೆಳಕಿನಲ್ಲಿ ಟೋಟೋರೊ: ಅಗ್ಗದ ಪ್ರೊಜೆಕ್ಟರಿನೊಂದಿಗೆ ನಾಲ್ಕು ವರ್ಷ

2021ರ ದೀಪಾವಳಿ ರಿಯಾಯಿತಿಯಲ್ಲಿ 14,000 ರೂಪಾಯಿ ಕೊಟ್ಟು ಎಲ್‌ಇಡಿ ಪ್ರೊಜೆಕ್ಟರ್ ತಂದೆವು. ಬೇಕೆಂದವರು ನಮ್ಮವರು, ಬೇಡವೆಂದವಳು ನಾನು. ಆದರೂ ವಿಮರ್ಶೆ ಬರೆಯುವ ಕೆಲಸ ನನಗೇ ಬಂದಿದೆ, ಏಕೆಂದರೆ ನಾಲ್ಕು ವರ್ಷದಿಂದ ಅದರ ಧೂಳು ಒರೆಸುತ್ತಿರುವವಳು ನಾನು. ಕಂಪನಿಯ ಹೆಸರು ಬೇಡ. ಇದೇ ಡಬ್ಬಿಯನ್ನು ಬೇರೆ ಬೇರೆ ಹೆಸರುಗಳಲ್ಲಿ ಮಾರುವುದನ್ನು ಆಮೇಲೆ ನೋಡಿದ್ದೇನೆ.

ನಮ್ಮ ಮನೆಯಲ್ಲಿ ಇದು ಹೆಚ್ಚಾಗಿ ತೋರಿಸಿರುವುದು ಒಂದೇ ಸಿನಿಮಾ: ಹಯಾವೊ ಮಿಯಾಜಾಕಿಯವರ ‘ಮೈ ನೇಬರ್ ಟೋಟೋರೊ’. 1988ರ ಜಪಾನಿ ಆನಿಮೇಷನ್ ಚಿತ್ರ, ಅವಧಿ 86 ನಿಮಿಷ. ತಾಯಿ ಆಸ್ಪತ್ರೆಯಲ್ಲಿರುವಾಗ ಸತ್ಸುಕಿ, ಮೇ ಎಂಬ ಅಕ್ಕ ತಂಗಿಯರು ಅಪ್ಪನೊಡನೆ ಹಳ್ಳಿಯ ಹಳೆಯ ಮನೆಗೆ ಬರುತ್ತಾರೆ. ಪಕ್ಕದ ಕಾಡಿನಲ್ಲಿ ಟೋಟೋರೊ ಎಂಬ ದೊಡ್ಡ ಪ್ರಾಣಿ ಸಿಗುತ್ತದೆ. ಖಳನಾಯಕನೇ ಇಲ್ಲ. ಪ್ರೊಜೆಕ್ಟರ್ ಬಂದಾಗ ನಮ್ಮ ಮಗಳಿಗೆ ನಾಲ್ಕು ವರ್ಷ, ಮೇಗೂ ಅಷ್ಟೇ. ಅಂದಿನಿಂದ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ, ಮೂವತ್ತಕ್ಕೆ ಕಡಿಮೆಯಂತೂ ಇಲ್ಲ. ಹಾಗಾಗಿ ಈ ಯಂತ್ರದ ಗುಣಾವಗುಣಗಳೆಲ್ಲ ನನಗೆ ಟೋಟೋರೊ ಲೆಕ್ಕದಲ್ಲಿಯೇ ಗೊತ್ತು.

ಮೊದಲು ಬೆಳಕಿನ ವಿಷಯ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 9,000 ಲ್ಯೂಮೆನ್ಸ್ ಎಂದಿತ್ತು. ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 200 ಆನ್ಸಿ ಲ್ಯೂಮೆನ್ಸ್ ಎಂದು ಸತ್ಯ ಹೇಳಿದ್ದರು. ಆನ್ಸಿ ಎಂದರೆ ನಿಗದಿತ ಕ್ರಮದಲ್ಲಿ ಅಳೆದ ಬೆಳಕು. ಕೊಳ್ಳುವಾಗ ನೋಡಬೇಕಾದದ್ದು ಈ ಅಂಕಿಯನ್ನೇ. 200 ಎಂದರೆ ಹಗಲಿನಲ್ಲಿ ಕಿಟಕಿಗೆ ಪರದೆ ಎಳೆದರೂ ಚಿತ್ರ ಸಾರು ನೀರಾದ ಹಾಗೆ ಕಾಣುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಪರವಾಗಿಲ್ಲ. ‘4ಕೆ’ ಎಂಬ ಚೀಟಿಯೂ ಅಂಟಿಸಿತ್ತು. ಅದರ ಅರ್ಥ 4ಕೆ ವಿಡಿಯೊ ಕೊಟ್ಟರೆ ತೆಗೆದುಕೊಳ್ಳುತ್ತದೆ ಎಂದಷ್ಟೇ, ತೋರಿಸುವುದು ಅದಕ್ಕಿಂತ ಕಡಿಮೆ ವಿವರದ 1080ಪಿ. ಅದು ಧಾರಾಳವಾಗಿ ಸಾಕು.

ಇದಕ್ಕಿಂತ ದೊಡ್ಡ ಕೊರತೆ ಕಪ್ಪು ಬಣ್ಣದ್ದು. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಬೆಳಕನ್ನು ತಡೆಯಬೇಕು ಅಷ್ಟೆ. ಅಗ್ಗದ ಯಂತ್ರದಲ್ಲಿ ಚಿತ್ರ ಮೂಡಿಸುವ ಎಲ್‌ಸಿಡಿ ಫಲಕ ಅದನ್ನು ಪೂರ್ತಿ ತಡೆಯುವುದಿಲ್ಲ, ಕಪ್ಪು ಬೂದಿಯಾಗುತ್ತದೆ. ಚಿತ್ರದ ಆರಂಭದಲ್ಲಿ ಹುಡುಗಿಯರು ಮನೆಯ ಬಾಗಿಲು ತೆರೆದೊಡನೆ ಕಪ್ಪು ಉಂಡೆಗಳ ಹಿಂಡು ಗೋಡೆಯ ಸಂದುಗಳಿಗೆ ನುಗ್ಗಿ ಮಾಯವಾಗುತ್ತದೆ. ಪಾಳು ಮನೆಯ ಮಸಿಗೆ ಜೀವ ಬಂದ ಪುಟ್ಟ ಭೂತಗಳು. ಅತ್ತೆ ಮೊದಲ ಸಲ ನೋಡಿದಾಗಲೇ “ಇವು ನಮ್ಮ ಅಡುಗೆಮನೆಯ ಇಲ್ಲಣವಲ್ಲವೇ!” ಎಂದರು. ಇಲ್ಲಣವೆಂದರೆ ಒಲೆಯ ಹೊಗೆಗೆ ಮಾಡಿನಲ್ಲಿ ಜೋತುಬೀಳುವ ಮಸಿ. ತೀರ್ಥಹಳ್ಳಿಯ ಕಡೆಯ ಸೌದೆ ಒಲೆಯ ಮನೆಯಲ್ಲಿ ಬಾಳಿದವರು, ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ನಮ್ಮಲ್ಲಿ ಅವಕ್ಕೆ ‘ಇಲ್ಲಣದ ಮರಿಗಳು’ ಎಂಬ ಹೆಸರೇ ನಿಂತಿತು. ಈ ಯಂತ್ರದಲ್ಲಿ ಆ ಮರಿಗಳು ಕತ್ತಲ ಮೂಲೆ ಸೇರಿದರೆ ಬೂದಿಯ ಮೇಲೆ ಬೂದಿ, ಕಣ್ಣು ಮಾತ್ರ ಪಿಳಿಪಿಳಿ.

ಗೋಡೆಯನ್ನೂ ಪಳಗಿಸಬೇಕಾಯಿತು. ಮೊದಲ ವರ್ಷ ನಮ್ಮವರ ಎರಡು ಬಿಳಿ ಪಂಚೆಗಳನ್ನು ಜೋಡಿಸಿ ಕಟ್ಟಿದ್ದೆವು. ಫ್ಯಾನ್ ಹಾಕಿದರೆ ಟೋಟೋರೊನ ಹೊಟ್ಟೆ ಅಲೆಯಾಡುತ್ತಿತ್ತು, ನಡುವೆ ಹಸಿರು ಅಂಚು ಬೇರೆ. ಆಮೇಲೆ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದೆವು. ಒಂಬತ್ತೂವರೆ ಅಡಿ ದೂರದಿಂದ 100 ಇಂಚಿನ ಚಿತ್ರ ಬೀಳುತ್ತದೆ. ಓರೆಯಾಗಿಟ್ಟು ಮೆನುವಿನಲ್ಲಿ ನೇರ ಮಾಡಿಕೊಳ್ಳಬಹುದು, ಆದರೆ ಹಾಗೆ ಮಾಡಿದಷ್ಟೂ ಚಿತ್ರದ ಸ್ಪಷ್ಟತೆ ಕುಗ್ಗುತ್ತದೆ. ಆದ್ದರಿಂದ ಟೀಪಾಯಿಯ ಮೇಲೆ ಊಟದ ಮಣೆ ಎರಡು ಪೇರಿಸಿ, ಗೋಡೆಗೆ ನೇರವಾಗಿಯೇ ಇಡುತ್ತೇವೆ. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಫೋಕಸ್ ಜಾರುತ್ತದೆ, ಎದ್ದು ಮತ್ತೆ ತಿರುಗಿಸಬೇಕು. ಆ್ಯಪ್‌ಗಳನ್ನು ಓಡಿಸಲೆಂದು ಒಳಗಿರುವ ಆಂಡ್ರಾಯ್ಡ್ ದಂಡ. ಟೋಟೋರೊ ತಯಾರಿಸಿದ ಸ್ಟುಡಿಯೊ ಜಿಬ್ಲಿಯ ಚಿತ್ರಗಳು 2020ರ ಫೆಬ್ರವರಿಯಿಂದ ನೆಟ್‌ಫ್ಲಿಕ್ಸ್‌ನಲ್ಲಿ ಬರತೊಡಗಿದ್ದರಿಂದಲೇ ನಮಗೆ ಟೋಟೋರೊ ಸಿಕ್ಕಿದ್ದು, ಆದರೆ ಅದನ್ನು ನೋಡಲು ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ನೆಟ್‌ಫ್ಲಿಕ್ಸ್ ಓಡಿಸುವ ಸ್ಟಿಕ್ ಬೇರೆ ಕೊಳ್ಳಬೇಕಾಯಿತು. ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಇನ್ನು ಸದ್ದು. ಯಂತ್ರವನ್ನು ತಂಪಾಗಿಡುವ ಫ್ಯಾನ್ ಹಳೆಯ ಮಿಕ್ಸಿಯ ದೂರದ ನೆಂಟ. ಮಾತು ಬರುವ ಕಡೆ ಸಹಿಸಬಹುದು. ಬಸ್ ನಿಲ್ದಾಣದ ದೃಶ್ಯದಲ್ಲಿ ಮಾತ್ರ ಕೋಪ ಬರುತ್ತದೆ. ಮಳೆ, ಕತ್ತಲು, ನಿದ್ದೆಹೋದ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ನಿಂತ ಅಕ್ಕ. ಪಕ್ಕದಲ್ಲಿ ತಲೆಯ ಮೇಲೊಂದು ಎಲೆ ಇಟ್ಟುಕೊಂಡು ಟೋಟೋರೊ ಬಂದು ನಿಲ್ಲುತ್ತದೆ. “ಪಾಪ, ಅದಕ್ಕೊಂದು ಗೊರಬಾದರೂ ಬೇಡವೇ?” ಎಂದು ಅತ್ತೆ ಪ್ರತಿ ಸಲವೂ ಹೇಳುತ್ತಾರೆ. ಗೊರಬೆಂದರೆ ಮಳೆಗೆ ತಲೆ, ಬೆನ್ನು ಮುಚ್ಚಿಕೊಳ್ಳುವ ಮಲೆನಾಡಿನ ಎಲೆಯ ಹೊದಿಕೆ. ಸತ್ಸುಕಿ ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬಿದ್ದ ಸದ್ದು ಕೇಳಿ ಟೋಟೋರೊಗೆ ಖುಷಿ ತಡೆಯಲಾಗುವುದಿಲ್ಲ, ಎಗರಿ ನೆಲಕ್ಕೆ ಬಡಿಯುತ್ತದೆ, ಮರದಲ್ಲಿದ್ದ ನೀರೆಲ್ಲ ಒಮ್ಮೆಲೇ ಸುರಿಯುತ್ತದೆ. ಒಂದೊಂದು ಹನಿಯೂ ಕೇಳಬೇಕಾದ ಕಡೆ ಫ್ಯಾನಿನ ಗೊರ್ ಗೊರ್. ಬ್ಲೂಟೂತ್ ಸ್ಪೀಕರ್ ಹಾಕಿ ನೋಡಿದೆವು. ಟೋಟೋರೊ ಎಗರಿ ಬಿದ್ದು ಅರೆಕ್ಷಣವಾದ ಮೇಲೆ ‘ಧಡ್’ ಎಂದಿತು. ಕೊನೆಗೆ ಅಟ್ಟದಲ್ಲಿದ್ದ ಹಳೆಯ ಸ್ಪೀಕರ್ ಜೋಡಿಗೆ ತಂತಿ ಎಳೆದ ಮೇಲೆ ಸರಿಹೋಯಿತು. ಯಂತ್ರದ ಸ್ವಂತ ಸ್ಪೀಕರ್ ಇದೆ ಎಂಬುದನ್ನು ಮರೆತುಬಿಡಿ.

ನಾವು ನೋಡುವುದು ಜಪಾನಿ ಧ್ವನಿ, ಇಂಗ್ಲಿಷ್ ಅಡಿಬರಹ. ಆರಂಭದಲ್ಲಿ ನಾನು ಜೋರಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೆಯ ಸಲಕ್ಕೆ ಅತ್ತೆ, “ನೀನು ಸುಮ್ಮನಿರು, ನನಗೆ ಕಾಣುತ್ತದೆ” ಎಂದುಬಿಟ್ಟರು. ತಾಯಿಗೆ ಕೊಡಲೆಂದು ಮೇ ಮುಸುಕಿನ ಜೋಳದ ತೆನೆ ಅಪ್ಪಿಕೊಂಡು ಒಬ್ಬಳೇ ಹೊರಡುವಾಗ ಅವರು ಕವಳ ಜಗಿಯುವುದನ್ನೂ ನಿಲ್ಲಿಸುತ್ತಾರೆ. ಮಗಳು ಈಗ ಎಂಟು ವರ್ಷದವಳು, ಸತ್ಸುಕಿಯ ಪಕ್ಷ ಸೇರಿದ್ದಾಳೆ. ಮೇ ಹಟ ಮಾಡಿದರೆ ಗೋಡೆಯ ಕಡೆಗೇ ಬೆರಳು ತೋರಿಸಿ ಗದರುತ್ತಾಳೆ.

ಮೂರನೆಯ ವರ್ಷ ದೊಡ್ಡ ದೋಷ ಕಾಣಿಸಿತು. ಗೋಡೆಯ ಬಲ ಮೇಲ್ಮೂಲೆಯಲ್ಲಿ ಅಡಿಕೆ ಗಾತ್ರದ ಮಬ್ಬು ಕಲೆ. ಈ ದರ್ಜೆಯ ಯಂತ್ರಗಳಲ್ಲಿ ಲೆನ್ಸ್ ಮತ್ತು ಎಲ್‌ಸಿಡಿ ಇರುವ ಭಾಗವನ್ನು ಗಾಳಿಯಾಡದಂತೆ ಮುಚ್ಚಿರದಿದ್ದರೆ ಫ್ಯಾನ್ ಎಳೆದುಕೊಂಡ ಧೂಳು ಒಳಗೇ ಕೂರುತ್ತದೆ. ಹೊರಗಿನಿಂದ ಒರೆಸಿ ಪ್ರಯೋಜನವಿಲ್ಲ. ವಾರಂಟಿ ಒಂದೇ ವರ್ಷದ್ದು. ದುರಸ್ತಿಯವರು ಬಿಚ್ಚಿ ಶುಚಿ ಮಾಡಲು 2,500 ರೂಪಾಯಿ ಕೇಳಿದರು, ಮತ್ತೆ ಬರುವುದಿಲ್ಲವೇ ಎಂದರೆ ಬರಬಹುದು ಎಂದರು. ಕೊಳ್ಳುವವರು ‘ಸೀಲ್ಡ್ ಆಪ್ಟಿಕಲ್ ಎಂಜಿನ್’, ಅಂದರೆ ಈ ಭಾಗವನ್ನು ಗಾಳಿಯಾಡದಂತೆ ಮುಚ್ಚಿರುವ ವ್ಯವಸ್ಥೆ, ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಎರಡು ಮೂರು ಸಾವಿರ ಹೆಚ್ಚಾದರೂ ಅದನ್ನೇ ತನ್ನಿ.

ನಾವಿನ್ನೂ ಬಿಚ್ಚಿಸಿಲ್ಲ, ಮಗಳು ಬಿಡುತ್ತಿಲ್ಲ. ಅವಳ ಪ್ರಕಾರ ಅದು ತಪ್ಪಿಸಿಕೊಂಡು ಬಂದ ಇಲ್ಲಣದ ಮರಿ. ಸಿನಿಮಾದ ಮರಿಗಳು ಬೆಳಕು ಕಂಡರೆ ಓಡುತ್ತವೆ, ಇದು ಬೆಳಕಿನ ದೃಶ್ಯದಲ್ಲಿ ಮಾತ್ರ ಕಾಣಿಸುತ್ತದಲ್ಲ ಎಂದೆ. ಧೈರ್ಯ ಜಾಸ್ತಿ, ಎಂದಳು. ಕಳೆದ ತಿಂಗಳು ಎಡಗಡೆ ಕೆಳಗೆ ಇನ್ನೊಂದು ಕಲೆ ಬಂದು ಕೂತಿದೆ.