ಪೋಲೋಗೆ ಎರಡು ಸೆಟ್ ವೀಲು, ನಾಲ್ಕು ವರ್ಷ ಓಡಿಸಿದ ಮೇಲೆ

ನಂದು ಫೋಕ್ಸ್‌ವ್ಯಾಗನ್ ಪೋಲೋ ಟಿಎಸ್‌ಐ, ಅಂದ್ರೆ ಟರ್ಬೋ ಪೆಟ್ರೋಲ್ ಇಂಜಿನ್ನಿಂದು. ಇಂಡಿಯಾದಲ್ಲಿ ಈ ಕಾರು ಮಾಡೋದು 2022ರಲ್ಲೇ ನಿಂತೋಯ್ತು, ಆದ್ರೆ ಇದಕ್ಕೆ ಯಾವ ವೀಲ್ ಹಾಕ್ಲಿ ಅಂತ ಕೇಳೋರು ನಿಂತಿಲ್ಲ, ಅದಕ್ಕೇ ಬರೀತಿದೀನಿ. ವಾರವೆಲ್ಲಾ ಬೆಂಗಳೂರು ಟ್ರಾಫಿಕ್ಕು, ವರ್ಷಕ್ಕೆ ಮೂರ್ನಾಲ್ಕು ಸಲ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕು.

ಮೊದಲನೇ ವರ್ಷ ಮಾಡಿದ್ದು ಶುದ್ಧ ದಡ್ಡತನ. ರೇಸ್ ಕಾರ್ ಥರಾ ಕಾಣ್ಲಿ ಅಂತ 17 ಇಂಚಿನ ಅಲಾಯ್ ಹಾಕಿಸ್ದೆ, ಟೈರು 205/40, ಅಂದ್ರೆ ಅಗಲ 205 ಎಂಎಂ, ಸೈಡ್‌ವಾಲ್ (ರಿಮ್ಮಿಂದ ರಸ್ತೆವರೆಗಿನ ರಬ್ಬರಿನ ಎತ್ತರ) ಅದರ 40 ಪರ್ಸೆಂಟ್. ಲೆಕ್ಕ ಹಾಕಿದ್ರೆ 82 ಎಂಎಂ ಅಷ್ಟೇ, 185/60 ಆರ್15 ಟೈರಲ್ಲಾದ್ರೆ ಅದು 111. ಆ ಮೂರು ಸೆಂಟಿಮೀಟರ್ ಬೆಲೆ ಗೊತ್ತಾಗಿದ್ದು ತುಮಕೂರು ರೋಡಿನ ಸರ್ವಿಸ್ ರಸ್ತೇಲಿ, ಮಳೆ ನೀರು ತುಂಬಿದ್ದ ಗುಂಡಿಗೆ ಠಪ್ ಅಂತ ಇಳೀತು, ಮನೆ ಸೇರೋಷ್ಟರಲ್ಲಿ ಅರ್ಧ ಗಾಳಿ ಹೋಗಿತ್ತು. ರಿಮ್ಮಿನ ಒಳಗಡೆ ಅಂಚು ಬೆಂಡು. ಬೆಂಡ್ ತೆಗೆಸಿದೆ, ಎರಡು ತಿಂಗಳಿಗೆ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಕಬ್ಬಿಣದ ರಿಮ್ ಆಗಿದ್ರೆ ಬಡಿದು ಸರಿ ಮಾಡ್ತಿದ್ರು, ಎರಕ ಹೊಯ್ದ ಅಲಾಯ್ ಆ ಪೆಟ್ಟೆಲ್ಲಾ ತಡ್ಕೊಳಲ್ಲ.

ಅದರ ಜೊತೆ 90 ದಾಟಿದ್ರೆ ಸ್ಟೇರಿಂಗ್ ನಡುಕ ಬೇರೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸ್ದೆ, ಹೋಗ್ಲಿಲ್ಲ. ಕೊನೆಗೆ ವೀಲ್ ಬಿಚ್ಚಿ ನೋಡಿದ್ರೆ ಕಾರಿನ ಹಬ್ (ವೀಲ್ ಕೂರೋ ನಡುವಿನ ದುಂಡು ಭಾಗ) 57.1 ಎಂಎಂ, ವೀಲಿನ ನಡುವಿನ ತೂತು 73.1, ಮಧ್ಯೆ ಇರಬೇಕಾದ ರಿಂಗೇ ಅಂಗಡಿಯವನು ಹಾಕಿಲ್ಲ! ಬೋಲ್ಟೂ ಹಳೇದೇ. ಫೋಕ್ಸ್‌ವ್ಯಾಗನ್ ಬೋಲ್ಟಿನ ಕೂರೋ ಜಾಗ ಗುಂಡಗೆ, ಬೇರೆ ಅಂಗಡಿಯಿಂದ ತರೋ ಅಲಾಯ್ ಬಹಳಷ್ಟಕ್ಕೆ ಬೇಕಾಗೋದು ಕೋನ್ ಆಕಾರದ್ದು, ತಪ್ಪು ಹಾಕಿದ್ರೆ ಎಷ್ಟು ಬಿಗಿ ಮಾಡಿದ್ರೂ ಸರಿಯಾಗಿ ಕೂರಲ್ಲ, ಸಡಿಲ ಆಗ್ತಾ ಹೋಗುತ್ತೆ. ದುಡ್ಡು ಕೊಡೋ ಮುಂಚೆ ಇವೆರಡನ್ನೂ ನೀವೇ ಕಣ್ಣಾರೆ ನೋಡ್ಕೊಳ್ಳಿ.

ಈಗ ರೋಡಿಗೆ ಒಂದು, ಟ್ರ್ಯಾಕಿಗೆ ಒಂದು ಸೆಟ್, ಟ್ರ್ಯಾಕಿಗೂ 15 ಇಂಚೇ. ಅದು ಫ್ಲೋ ಫಾರ್ಮ್ಡ್, ಅಂದ್ರೆ ರೋಲರಿಂದ ಒತ್ತಿ ತೆಳ್ಳಗೆ, ಗಟ್ಟಿಯಾಗಿ ಮಾಡಿರೋ ಅಲಾಯ್. ನಮ್ಮ ಬೀದಿ ಕಿರಾಣಿ ಅಂಗಡಿ ತಕ್ಕಡಿ ಮೇಲೆ ಇಟ್ಟು ತೂಗಿದೆ (ಅಂಗಡಿಯಣ್ಣ ನಕ್ಕಿದ್ದೇ ನಕ್ಕಿದ್ದು), ಒಂದು ರಿಮ್ 6.4 ಕೆಜಿ, ಆ 17 ಇಂಚಿಂದು ಹತ್ತಿರ ಹತ್ತಿರ 10. ತಿರುಗೋ ತೂಕ ಕಮ್ಮಿಯಾದ್ರೆ ಬ್ರೇಕ್, ಪಿಕಪ್, ತಿರುವು ಮೂರೂ ಬದಲಾಗುತ್ತೆ, ಮೊದಲ ಲ್ಯಾಪಲ್ಲೇ ಗೊತ್ತಾಯ್ತು. ಟೈರು 195/50 ಸೆಮಿ ಸ್ಲಿಕ್, ಅಂದ್ರೆ ಗೀರು ತುಂಬಾ ಕಮ್ಮಿ ಇರೋ ಟ್ರ್ಯಾಕ್ ಟೈರು. 185/60ಕ್ಕಿಂತ ಒಟ್ಟು ಎತ್ತರ ಕಮ್ಮಿ ಇರೋದ್ರಿಂದ ಸ್ಪೀಡೋಮೀಟರ್ ಸುಮಾರು 4.7 ಪರ್ಸೆಂಟ್ ಜಾಸ್ತಿ ತೋರ್ಸುತ್ತೆ, ಗೇರೂ ಅಷ್ಟೇ ಚುರುಕು. ಬೆಳಗ್ಗೆ ಟೈರು ತಣ್ಣಗಿದ್ದಾಗ ಗಾಳಿ 27 ಪಿಎಸ್‌ಐ ಇಟ್ರೆ ಐದು ಲ್ಯಾಪಿಗೆ 34 ಆಗಿರುತ್ತೆ, ಪಿಟ್‌ಗೆ ಬಂದು ಇಳಿಸಬೇಕು.

ಸೋಮಾರಿತನಕ್ಕೆ ಅದೇ ಟೈರಲ್ಲಿ ಒಂದ್ಸಲ ವಾಪಸ್ ಬಂದೆ, ಕೃಷ್ಣಗಿರಿ ಹತ್ರ ಮಳೆ ಹಿಡೀತು, 60ರಲ್ಲೇ ಮುಂದಿನ ಚಕ್ರ ನೀರಿನ ಮೇಲೆ ತೇಲಿದ ಹಾಗಾಯ್ತು, ಲಾರಿಗಳ ಹಿಂದೆ ಹೋಗ್ತಾ ಮನೆ ಸೇರೋಷ್ಟರಲ್ಲಿ ರಾತ್ರಿ ಹನ್ನೊಂದು. ಅವತ್ತಿಂದ ಹಿಂದಿನ ಸೀಟ್ ಮಡಚಿ ನಾಲ್ಕನ್ನೂ ತುಂಬ್ಕೊಂಡು ಹೋಗ್ತೀನಿ, ಅಲ್ಲೇ ಬದಲಾಯಿಸ್ತೀನಿ, ಬೋಲ್ಟನ್ನ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) 120 ಎನ್‌ಎಂಗೆ ಬಿಗಿ ಮಾಡ್ತೀನಿ, ಮೊದಲ ಸೆಷನ್ ಆದ್ಮೇಲೆ ಇನ್ನೊಂದ್ಸಲ ಚೆಕ್.

ಒಂದೇ ಸೆಟ್ಟಿಗೆ ಬಜೆಟ್ ಇದ್ರೆ ಕಂಪನಿ ರಿಮ್ಮೇ ಇಟ್ಕೊಂಡು ಒಳ್ಳೆ ಟೈರ್ ಹಾಕ್ಸಿ. ಅಂದಹಾಗೆ 17 ಇಂಚಿಂದು ಮೂರು ರಿಮ್ ಬಾಲ್ಕನೀಲಿ ಬಿದ್ದಿದೆ, ಕೊಳ್ಳೋಕೆ ಕೇಳೋರು ಮೂರೇ ಅಂದ ತಕ್ಷಣ ಫೋನ್ ಇಡ್ತಾರೆ.